ಎಡಗೈ ಪೆಟ್ಟು

“ಸಾಹೇಬ್ರ, ಅದು ಗಾದಿ ಅಲ್ರಿ!”

ಅಂಗಡಿಯ ಬಾಳು ಗಾಬರಿಯಾಗಿ ಓಡಿ ಬರುವಷ್ಟರಲ್ಲಿ ಬಸವಲಿಂಗ ಆ ಎಲೆಕ್ಟ್ರಾನಿಕ್ ಡ್ರಮ್ಮಿನ ಕರಿಯ ರಬ್ಬರ್ ಪ್ಯಾಡಿಗೆ ಅಂಗೈಯಿಂದ ಎರಡು ಏಟು ಹಾಕಿ ಆಗಿತ್ತು. ಈಗ ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಜಾಗ ಎಷ್ಟು ಹೊತ್ತಿಗೆ ಮೇಲೇಳುತ್ತದೆ ಎಂದು ಬಗ್ಗಿ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಪುಣೆಯ ಕೋಥರೂಡದಲ್ಲಿ ಗಾದಿ ಅಂಗಡಿ ನಡೆಸಿದವನ ಕೈ ಅದು. ಬಸ್ಸಿನ ಸೀಟು, ದವಾಖಾನೆಯ ಬೆಂಚು, ಬೀಗರ ಮನೆಯ ಸೋಫಾ, ಯಾವುದನ್ನೂ ಒತ್ತಿ ನೋಡದೆ ಬಿಟ್ಟದ್ದಿಲ್ಲ. ಡ್ರಮ್ ಏನು ಬಿಟ್ಟಾನು?

“ಗೊತ್ತದರಿ ಗಾದಿ ಅಲ್ಲಂತ. ಆದ್ರ ಅಂಗೈಲೆ ಬಡದ್ರ ಇದು ಮಾತಾಡವಲ್ದಲ್ಲ?”

“ಕೋಲಿಲೆ ಬಾರಿಸೂದ್ರಿ ಅದನ್ನ. ಅಂಗೈಲೆ ಯಾರ್ ಬಡೀತಾರ?”

“ನಮ್ಮ ಮನಿಯವ್ರು ಬಡೀತಾರ.”

ಬಾಳುವಿನ ಕಿವಿ ನೆಟ್ಟಗಾದವು. ಐವತ್ತು ದಾಟಿದ ಮನುಷ್ಯ, ನಿಪ್ಪಾಣಿ ಕಡೆಯವನು. ಹರೆಯವೆಲ್ಲ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿ, ಮೊಣಕಾಲು ಹೋದ ಮೇಲೆ ಶಿವಾಜಿನಗರದ ಈ ವಾದ್ಯದ ಅಂಗಡಿಯ ಮಾಳಿಗೆ ಸೇರಿಕೊಂಡವನು. ಮೊದಲು ಇಬ್ಬರ ಮಾತೂ ಮರಾಠಿಯಲ್ಲೇ ನಡೆದಿತ್ತು. ನಡುವೆ ಬಸವಲಿಂಗನಿಗೆ ಫೋನು ಬಂದು, ಅವನು ತನ್ನ ಅಂಗಡಿಯ ಆಳಿಗೆ “ಹತ್ತಿ ಬಿಸಲಿಗೆ ಹಾಕಿದಿ ಇಲ್ಲೋ” ಎಂದು ಕನ್ನಡದಲ್ಲಿ ಗದರಿದ್ದೇ ತಡ, ಬಾಳು “ಅಯ್ಯ, ನಮ್ಮವ್ರ ಆದ್ರಲ್ರಿ!” ಎಂದು ಸ್ಟೂಲು ಎಳೆದು ಕೂರಿಸಿದ್ದ. ಆಮೇಲೆ ಹೇಳಿದ ರೇಟು ಯಾಕೋ ಕಡಿಮೆ ಅನಿಸಿತ್ತು ಬಸವಲಿಂಗನಿಗೆ. ಅದೇ ರೇಟು, ಕನ್ನಡದಲ್ಲಿ ಹೇಳಿದ್ದ ಅಷ್ಟೇ.

“ಅಂದ್ರ ಇದು ಮಗನಿಗಲ್ಲ?”

“ಹೆಂಡತಿಗ್ರಿ.”

ಹೇಳಲು ಅವನಿಗೇನೂ ನಾಚಿಕೆ ಆಗಲಿಲ್ಲ. ದೀಪಾಲಿ ಢೋಲ್‌ತಾಶಾ ಪಥಕದವಳು. ಗಣಪತಿ ಮೆರವಣಿಗೆಯಲ್ಲಿ ಅರವತ್ತು ಜನ ಸಾಲಾಗಿ ನಿಂತು, ನಡುವಿಗೆ ಢೋಲು ಕಟ್ಟಿಕೊಂಡು, ಬೀದಿಯ ಕಿಟಕಿ ಗಾಜು ನಡುಗಿಸುತ್ತಾರಲ್ಲ, ಆ ಸಾಲಿನಲ್ಲಿ ಹನ್ನೊಂದು ವರ್ಷ ನಿಂತವಳು. ಬೈಲಹೊಂಗಲದಿಂದ ಬಂದ ಹೊಸದರಲ್ಲಿ ಮರಾಠಿ ಮಾತಾಡಲು ಹೆದರಿ ತರಕಾರಿ ಮಂಡಿಯಲ್ಲಿ ಬೆರಳು ಮಾಡಿ ತೋರಿಸುತ್ತಿದ್ದ ಹೆಣ್ಣುಮಗಳು. ಢೋಲು ಕಟ್ಟಿಕೊಂಡ ಮೇಲೆ ಅವಳಿಗೆ ಯಾವ ಭಾಷೆಯ ಭಯವೂ ಉಳಿಯಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರನ ಜೊತೆ ಜಗಳ, ರಿಕ್ಷಾದವನ ಜೊತೆ ಜಗಳ, ಮನೆಯಲ್ಲಿ ಬಸವಲಿಂಗನ ಜೊತೆಗಂತೂ ದಿನಾ ಒಂದು. ಅವನು ಸುಖವಾಗಿದ್ದ.

ಮಾರ್ಚ್‌ನಲ್ಲಿ ಅವಳ ಬೆನ್ನೆಲುಬಿನ ಡಿಸ್ಕ್ ಸರಿಯಿತು. ಹತ್ತು ದಿನ ಮಲಗಿದಲ್ಲೇ ಮಲಗಿದಳು. ಎದ್ದು ಓಡಾಡುವಂತಾದ ಮೇಲೆ ಡಾಕ್ಟರು, ಇನ್ನು ನಡುವಿಗೆ ಭಾರ ಕಟ್ಟುವ ಮಾತೇ ಇಲ್ಲ ಎಂದರು. ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಏನು ಕೇಳಿದರೂ “ನಡೀತದ” ಅನ್ನಲು ಶುರುಮಾಡಿದಳು. ಚಪಾತಿ ಮಾಡಲೋ ಅನ್ನ ಇಡಲೋ? ನಡೀತದ. ನಿನ್ನ ತಂಗಿ ಬರ್ತಾಳಂತ. ನಡೀತದ. ಜೂನ್ ತಿಂಗಳು ಬಂತು, ನದಿ ದಂಡೆಯಲ್ಲಿ ಪಥಕದ ತಾಲೀಮು ಶುರುವಾಯಿತು, ಸಂಜೆ ಹೊತ್ತು ಆ ಗುಡುಗು ಇವರ ಮನೆಯ ತನಕ ಕೇಳಿಸುತ್ತಿತ್ತು. ದೀಪಾಲಿ ತೊಗರಿಬೇಳೆ ಆರಿಸುತ್ತ ಕೂತಿರುತ್ತಿದ್ದಳು. ಬಸವಲಿಂಗನಿಗೆ ಅದನ್ನು ನೋಡುವುದಾಗಲಿಲ್ಲ. ಜಗಳವಿಲ್ಲದ ಮನೆ ಅವನಿಗೆ ಮನೆ ಅನಿಸಲೇ ಇಲ್ಲ.

“ಅವರ ಬಲಗೈಯಾಗ ಕೋಲು ಇರ್ತದರಿ, ಎಡಗೈ ಬರಿಗೈ,” ಎಂದು ಬಾಳುವಿಗೆ ಬಿಡಿಸಿ ಹೇಳಿದ. “ಢೋಲಿಗೆ ಎರಡು ಮಗ್ಗಲ. ಒಂದಕ್ಕ ಕೋಲು, ಒಂದಕ್ಕ ಅಂಗೈ. ಎಡಗೈ ಕೇಳದಿದ್ರ ಈ ಯಂತ್ರ ತಗೊಂಡು ಏನ್ ಮಾಡೂದು?”

ಬಾಳು ತಲೆ ಕೆರೆದುಕೊಂಡ. “ಇಪ್ಪತ್ನಾಲ್ಕು ಸಾವಿರದ ಕಿಟ್ ಇದು. ರಬ್ಬರ್ ಪ್ಯಾಡು, ಕಾಲಾಗೊಂದು ಸಣ್ಣ ಪೆಡಲ್. ಕಲಿಯೂ ಹುಡುಗೂರಿಗೆ ಬರೋಬರ್. ಆದ್ರ ಅಂಗೈ ಇದಕ್ಕ ತಿಳಿಯೂದಿಲ್ರಿ. ಬರ್ರಿ ಇತ್ತ.”

ಮೂಲೆಯಲ್ಲಿ ನಿಂತಿದ್ದು ಒಂದು ಲಕ್ಷ ಮೂವತ್ತು ಸಾವಿರದ್ದು. ಕಟ್ಟಿಗೆಯ ಹೊಳಪು, ಹಿತ್ತಾಳೆಯಂಥ ತಟ್ಟೆಗಳು, ಮದುಮಗನ ಹಾಗೆ ಮೆರೆಯುತ್ತಿತ್ತು. ಬಸವಲಿಂಗ ಬೆರಳ ತುದಿಯಿಂದ ಮುಟ್ಟಿದರೂ ಅದು ಗುಂಯ್ ಅಂದಿತು. ಇಪ್ಪತ್ತೈದು ಸಾವಿರವೆಂದು ಲೆಕ್ಕ ಹಾಕಿಕೊಂಡು ಬಂದವನು ಅವನು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಗಾದಿ ಮಾರುವವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಒಂದು ಗಳಿಗೆ ಅವನ ಕಾಲು ಹಾಸಿಗೆ ದಾಟಿ ಎಲ್ಲೆಲ್ಲಿಗೋ ಹೋಯಿತು. ದೀಪಾವಳಿ ಸೀಜನ್ ಇದೆ, ಮದುವೆ ಸುಗ್ಗಿ ಇದೆ, ಇನ್ನೊಂದು ವರ್ಷ ಹಳೆಯ ಸ್ಕೂಟರಿನಲ್ಲೇ ತಿರುಗಿದರಾಯಿತು.

“ಇದನ್ನ ಕೊಡ್ರಿ.”

“ಬ್ಯಾಡ್ರಿ,” ಎಂದ ಬಾಳು. “ಇದನ್ನ ಮಾರಿದ್ರ ನನಗ ಛಲೋನ ಆಗ್ತದ, ಸುಳ್ಳ ಯಾಕ ಹೇಳ್ಲಿ? ಆದ್ರ ವೈನಿಯವ್ರಿಗೆ ಬೇಕಾದದ್ದು ಎರಡು ಪ್ಯಾಡು. ಉಳದದ್ದಕ್ಕ ಬರೇ ಧೂಳ ಒರಸ್ಬೇಕಾಗ್ತದ. ಈ ನಡುವಿಂದು ನೋಡ್ರಿ. ನಲವತ್ತಾರು ಸಾವಿರ. ಬಲಿಯಂಥಾ ಜಾಳಿಗಿ ಪ್ಯಾಡು, ಇದರ ಪೆಟಿಗ್ಯಾಗ ನಮಗ ಬೇಕಾದ ದನಿ ತುಂಬಾಕ ಬರ್ತದ. ತಡೀರಿ, ಇದರ ಕಿವಿ ಒಂಚೂರು ಚುರುಕ ಮಾಡ್ತೇನಿ.”

ಏನೋ ಗುಂಡಿ ಒತ್ತಿ, ಏನೋ ತಿರುಗಿಸಿದ. ಬಸವಲಿಂಗ ಬಿಗಿದ ಜಾಳಿಗೆಗೆ ಅಂಗೈ ಹಾಕಿದ. ಧಪ್ ಎಂದಿತು. ಅವನ ಮುಖ ಅರಳಿತು. ಮತ್ತೆ ಹಾಕಿದ. ಆಮೇಲೆ ಮಗು ಹೊಟ್ಟೆ ತುಂಬಿಸಿಕೊಂಡ ಮೇಲೆ ಆಟಕ್ಕೆ ಬಿದ್ದ ಹಾಗೆ ಮೆತ್ತಗೆ, ಜೋರಾಗಿ, ಅಡ್ಡಡ್ಡಲಾಗಿ ಬಡಿಯುತ್ತಲೇ ಕೂತ. ನಡುನಡುವೆ ಸ್ಟೂಲಿನ ಮೆತ್ತೆ ಒತ್ತಿ ನೋಡಿ, “ಛೀ, ಇದೇನ್ ಫೋಮ್ ಹಾಕ್ಯಾರ್ರಿ, ನಾ ಬ್ಯಾರೆ ಹೊಲಸ್ತೇನಿ” ಎಂದೂ ಹೇಳಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಸಪ್ಪಳ ಕೇಳಿತು. ಬೆನ್ನಿನ ವ್ಯಾಯಾಮ ಮುಗಿಸಿಕೊಂಡು, ಕಂಬಿ ಹಿಡಿದು, ದೀಪಾಲಿ ಹತ್ತಿ ಬಂದಳು. “ಒಂದು ಕೆಲಸ ಅದ, ಬಾ” ಎಂದಷ್ಟೇ ಅವನು ಹೇಳಿದ್ದ. ಅವಳು ಸುತ್ತ ನೋಡಿದಳು. ಗಂಡನ ಕೈ ಪ್ಯಾಡಿನ ಮೇಲಿರುವುದನ್ನು ನೋಡಿದಳು.

“ಯಾರಿಗೆ?”

“ನಿನಗ.”

“ನನ್ನ ಕೇಳಬೇಕು ಅನಸಲಿಲ್ಲ?”

“ಕೇಳಿದ್ರ ನಡೀತದ ಅಂತಿದ್ದಿ.”

“ನಡಿಯೂದಿಲ್ಲ!” ಅಂಗಡಿಯ ಗಿಟಾರಿನ ತಂತಿಗಳೂ ಒಮ್ಮೆ ಮಿಡಿದವೇನೋ. “ಢೋಲ್ ಅಂದ್ರ ನಿಂತು ಬಾರಿಸೂದ್ರಿ. ಎದಿಗೆ ಬಂದು ಹೊಡೀಬೇಕು ಅದು. ನೀವು ನನ್ನ ಸ್ಟೂಲಿನ ಮ್ಯಾಲೆ ಕುಂದರ್ಸಿ, ಕಿವಿಗೆ ವಾಯರ್ ಚುಚ್ಚಿ, ಸಪ್ಪಳಿಲ್ದ ಬಾರ್ಸು ಅಂತೀರೇನು? ಇದನ್ನ ಮನಿಗೆ ಒಯ್ದ್ರ, ದೀಪಾಲಿ ಬಾರ್ಸೂದು ಮುಗೀತು ಅಂತ ಬಾಗಲಕ್ಕ ಬೋರ್ಡ್ ಹಚ್ಚಿದಂಗ. ನನಗ ಬ್ಯಾಡ.”

ಬಸವಲಿಂಗ ಪ್ಯಾಡಿನ ಮೇಲಿನ ಕೈ ತೆಗೆದ. ರೇಟು ನೋಡಿದ್ದ, ರಬ್ಬರು ನೋಡಿದ್ದ, ಕೆಳಗಿನ ಮನೆಯವರಿಗೆ ಪೆಡಲಿನ ಸಪ್ಪಳ ಹೋಗಬಾರದೆಂದು ಅಡಿಗೆ ಹಾಸಲು ಎಷ್ಟು ಇಂಚಿನ ಫೋಮ್ ಬೇಕೆಂದೂ ಮನಸ್ಸಿನಲ್ಲೇ ಕತ್ತರಿಸಿಟ್ಟಿದ್ದ. ಇದೊಂದು ಹೊಳೆದಿರಲಿಲ್ಲ. ಅವಳಿಗೆ ಇದು ಹೀಗೆ ಕಾಣಬಹುದೆಂದು ಅವನ ದಪ್ಪ ತಲೆಗೆ ಹೊಳೆದೇ ಇರಲಿಲ್ಲ. ಕೆಟ್ಟ ಸಂಕಟವಾಯಿತು. ಆ ಸಂಕಟದ ಅಡಿಯಲ್ಲೇ ಒಂದು ಹಿಗ್ಗೂ ಇತ್ತು. ನಾಲ್ಕು ತಿಂಗಳಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು.

“ತಪ್ಪಾತು,” ಎಂದು ಎದ್ದ. “ನಡಿ, ಹೋಗೂಣು. ಬಾಳು ಅವ್ರ, ನಿಮಗೂ ಸುಮ್ಮನ ತ್ರಾಸ ಕೊಟ್ಟೆ.”

“ತ್ರಾಸ ಎಂಥಾದ್ರಿ,” ಎಂದ ಬಾಳು, ಬಟ್ಟೆಯಿಂದ ಪ್ಯಾಡು ಒರೆಸುತ್ತ. ಯಾರಿಗೂ ಅಲ್ಲವೆಂಬಂತೆ ಮುಂದುವರಿಸಿದ: “ಒಂದು ತಾಸಾತು ವೈನಿ, ನಿಮ್ಮ ಸಾಹೇಬ್ರು ಎಲ್ಲಾ ಡ್ರಮ್ಮಿಗೂ ಅಂಗೈಲೆ ಬಡದು ಬಡದು ನೋಡ್ಯಾರ. ನಮ್ಮ ಮನಿಯವ್ರ ಎಡಗೈ ಕೇಳ್ಬೇಕು, ಎಡಗೈ ಕೇಳ್ಬೇಕು ಅಂತ ಒಂದ ಹಟಾ. ಕೈ ನೋಡ್ರಿ ಅವರ್ದು.”

ದೀಪಾಲಿ ನೋಡಿದಳು. ಬಸವಲಿಂಗನ ಅಂಗೈ ಕೆಂಪಗಾಗಿತ್ತು. ಅವನು ಅದನ್ನು ಪ್ಯಾಂಟಿನ ಕಿಸೆಗೆ ಸೇರಿಸಿದ.

ಅವಳು ಹೆಗಲಿನ ಚೀಲ ತೆಗೆದು ಗಂಡನ ಕೈಗೆ ಕೊಟ್ಟಳು.

“ಸ್ಟೂಲ್ ಎತ್ತರ ಮಾಡ್ರಿ. ಇನ್ನೂ ಎತ್ತರ. ಕುಂತ್ರೂ ನಿಂತಂಗ ಇರಬೇಕು.”

ಬಾಳು ಮೊಣಕಾಲಿನ ನೋವು ಮರೆತು ಕೆಳಗೆ ಕೂತು ತಿರುಪು ತಿರುಗಿಸಿದ. ಮೊದಲ ಏಟಿಗೆ ಠಣ್ ಎಂಬ ಸದ್ದು ಬಂತು. “ಇದು ಢೋಲಲ್ಲ, ಅವಲಕ್ಕಿ ಡಬ್ಬಿ” ಎಂದು ಅವಳು ಮೂಗು ಮುರಿದಳು. ಬಾಳು ಗಲ್ಲಾಪೆಟ್ಟಿಗೆಯಿಂದ ಒಂದು ಪೆನ್‌ಡ್ರೈವ್ ತಂದು ಸಿಕ್ಕಿಸಿದ. ಯಾವುದೋ ಪಥಕದ ಢೋಲಿನ ದನಿಯನ್ನು ತಾನೇ ಹಿಡಿದಿಟ್ಟಿದ್ದನಂತೆ, ಇಲ್ಲಿಯವರೆಗೆ ಒಬ್ಬ ಗಿರಾಕಿಯೂ ಕೇಳಿರಲಿಲ್ಲವಂತೆ. ಹೆಡ್‌ಫೋನನ್ನು ಅವಳ ಕಿವಿಗೇರಿಸಿ ಹಿಂದೆ ಸರಿದ.

ಪಕ್ಕದಲ್ಲಿ ನಿಂತವರಿಗೆ ಕೇಳಿಸಿದ್ದು ಟಪ್ ಟಪ್ ಎಂಬುದಷ್ಟೇ. ದೀಪಾಲಿಯ ಬೆನ್ನು ನೆಟ್ಟಗೆ ನಿಂತಿತು. ಬಲಗೈ ಕೋಲು ಬೀಸಿತು, ಎಡದ ಬರಿ ಅಂಗೈ ಬಿತ್ತು, ಗದ್ದ ಮೇಲೆ ಕೆಳಗೆ ಆಡತೊಡಗಿತು. ನಿಲ್ಲಿಸಿ, “ಎಡಗಡೆ ಸಣ್ಣ ಬರ್ತದ, ಏರಸ್ರಿ” ಎಂದು ದಬಾಯಿಸಿ, ಮತ್ತೆ ಹಚ್ಚಿದಳು. ಕೆನ್ನೆ ಮೇಲೆ ಬೆವರು ಇಳಿಯಿತು. ಅವಳಿಗೆ ಯಾರೂ ಕಾಣುತ್ತಿರಲಿಲ್ಲ. ಬಸವಲಿಂಗ ಚೀಲ ಹಿಡಿದು, ಏನು ಕೇಳುತ್ತಿದೆಯೋ ಅಂತ ಅವಳ ಮುಖವನ್ನೇ ನೋಡುತ್ತ ನಿಂತ.

“ನಿಮಗ್ಯಾಕ ಉಪಾಸ?” ಎನ್ನುತ್ತ ಬಾಳು ಇನ್ನೊಂದು ವಾಯರ್ ಜೋಡಿಸಿ ಅವನ ಕಿವಿಗೂ ಹೆಡ್‌ಫೋನ್ ಹಾಕಿದ.

ಬಸವಲಿಂಗ ಹನ್ನೊಂದು ವರ್ಷ ಆ ಮೆರವಣಿಗೆಗಳ ಬೆನ್ನು ಹತ್ತಿ ನಡೆದವನು. ಪ್ರತಿ ಸಲ ಮುಗಿದ ಮೇಲೆ ದೀಪಾಲಿ ಕೇಳುತ್ತಿದ್ದುದು ಒಂದೇ ಮಾತು, “ನಂದು ಹೆಂಗ ಬಂತ್ರಿ?” ಅವನ ಉತ್ತರವೂ ಒಂದೇ, “ಎಲ್ಲಾರಕಿಂತ ಛಲೋ.” ಅರವತ್ತು ಢೋಲು ಒಟ್ಟಿಗೆ ಗುಡುಗುವಾಗ ಯಾರದು ಯಾವುದೆಂದು ಆ ಶಿವನಿಗಾದರೂ ತಿಳಿಯುತ್ತಿತ್ತೋ ಇಲ್ಲವೋ. ಇವನಿಗಂತೂ ಒಂದು ದಿನವೂ ತಿಳಿದಿರಲಿಲ್ಲ.

ಈಗ ಕೇಳಿಸಿತು. ಒಂದೇ ಢೋಲು. ಬಲಗೈಯದು ಖಡಕ್ಕಾಗಿ, ಮುಂದೆ ನುಗ್ಗಿ ಬರುತ್ತಿತ್ತು, ಥೇಟ್ ಅವಳ ಮಾತಿನ ಹಾಗೆ. ಎಡಗೈಯದು ಬೇರೆ, ಮೆತ್ತಗೆ, ತುಸು ತಡೆದು, ಬರಲೋ ಬೇಡವೋ ಎಂದು ಕೇಳಿ ಬಂದಂತೆ ಬೀಳುತ್ತಿತ್ತು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡವನಿಗೆ ಈ ದೀಪಾಲಿಯ ಗುರುತಿರಲಿಲ್ಲ.

ಅವಳು ನಿಲ್ಲಿಸಿ, ಹೆಡ್‌ಫೋನ್ ಕೊರಳಿಗಿಳಿಸಿ, ಏದುಸಿರು ಬಿಡುತ್ತ ಅವನ ಕಡೆ ತಿರುಗಿದಳು.

“ನಂದು ಹೆಂಗ ಬಂತ್ರಿ?”

“ಎಡಗೈ...” ಬಸವಲಿಂಗ ಹೆಡ್‌ಫೋನ್ ಕಿವಿಯಿಂದ ಇಳಿಸಿದ. “ಎಡಗೈ ಒಂಚೂರು ತಡಾ ಮಾಡ್ತದ.”

ದೀಪಾಲಿಯ ಹುಬ್ಬು ಮೇಲೇರಿದವು. “ಹನ್ನೊಂದು ವರ್ಷ ಬಿಟ್ಟು ಈಗ ಹೇಳ್ತೀರೇನು?”

“ಈಗ ಕೇಳಿಸ್ತು.”

ಅವಳು ಅವನನ್ನೇ ನೋಡಿದಳು. ಆಮೇಲೆ ಅಂಗೈಯನ್ನು ಸೀರೆಗೆ ಒರೆಸಿಕೊಂಡು, “ತಡೀರಿ, ಸರಿ ಮಾಡ್ತೇನಿ” ಎಂದು ಹೆಡ್‌ಫೋನ್ ಏರಿಸಿದಳು.

ಬಿಲ್ ಪುಸ್ತಕ ಹಿಡಿದು ಬಂದ ಬಾಳು ಇಬ್ಬರನ್ನೂ ಒಮ್ಮೆ ನೋಡಿದ. ಟಪ್, ಟಪ್ ಎಂಬ ಸದ್ದು ಮತ್ತೆ ಮೊದಲಿನಿಂದ ಶುರುವಾಗಿತ್ತು. ಅವನು ಪೆನ್ನು ಕಿವಿಯ ಸಂದಿಗೆ ಸಿಕ್ಕಿಸಿ, ಖಾಲಿ ಪೆಟ್ಟಿಗೆ ಒಂದನ್ನು ಎಳೆದುಕೊಂಡು ಕೂತ.