ಡಾಕ್ಟರಿಗೆ ಎಂಟಡಿ ಜಾಗ

ನರ್ಸಕ್ಕ ಪಿಂಚಣಿ ಕಾಗದಕ್ಕೆ ಸಹಿ ಹಾಕಿ, ಮೂರು ಮಹಡಿ ಹತ್ತಿ ಮನೆಗೆ ಬಂದಾಗ ಬಾಗಿಲಲ್ಲೇ ತಮ್ಮ ನಿಂತಿದ್ದ. ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

"ಅಕ್ಕ, ಡಾಕ್ಟ್ರು ಹೋಗ್ಬಿಟ್ರು."

ಡಾಕ್ಟರು ಅಂದರೆ ನಡುಮನೆಯ ಆರಡಿ ಅಕ್ವೇರಿಯಮ್ಮಿನಲ್ಲಿದ್ದ ಸರ್ಜನ್ ಮೀನು. ಕಡುನೀಲಿ ಮೈ, ಹಳದಿ ಬಾಲ, ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂಥ ಒಂದೊಂದು ಮುಳ್ಳು. ಆ ಮುಳ್ಳಿನಿಂದಲೇ ಅದಕ್ಕೆ ಆ ಹೆಸರು. ಆಪರೇಷನ್ ಥಿಯೇಟರಿನಲ್ಲಿ ಮೂವತ್ತೆರಡು ವರ್ಷ ಕಂಡವರ ಕೈಗೆಲ್ಲ ಚೂರಿ ಕೊಟ್ಟು ಸವೆದಿದ್ದ ನರ್ಸಕ್ಕ, "ತನ್ನ ಚೂರಿ ತಾನೇ ತಂದ್ಕೊಂಡಿರೋ ಡಾಕ್ಟ್ರು ಅಂದ್ರೆ ಇವರೊಬ್ರೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ವಾರಕ್ಕೊಮ್ಮೆ ಡ್ರಮ್ಮಿನಲ್ಲಿ ಕಡಲುಪ್ಪು ಕಲಸಿ, ಅಳತೆ ನೋಡಿ, ನೀರು ಬದಲಿಸುವುದು ಅವಳ ಕೆಲಸ. ಒಣಗಿದ ಪಾಚಿಯ ಹಾಳೆಯನ್ನು ಹಳೆಯ ಫೋರ್ಸೆಪ್ಸಿಗೆ ಸಿಕ್ಕಿಸಿ ನೀರಿಗೆ ಇಳಿಬಿಟ್ಟರೆ ಡಾಕ್ಟರು ಬಂದು ಹರಿದು ಹರಿದು ತಿನ್ನುತ್ತಿದ್ದರು.

ತಮ್ಮನಿಗೂ ಅವನ ಹೆಂಡತಿಗೂ ಆ ತೊಟ್ಟಿ ಕಣ್ಣಲ್ಲಿ ಬಿದ್ದ ಕಸ. ಹೊಸ ಸೋಫಾ ಹಾಕುವುದಕ್ಕೆ ಅದೇ ಗೋಡೆ ಬೇಕಾಗಿತ್ತು. ಮನೆ ಅಕ್ಕ ತಮ್ಮ ಇಬ್ಬರ ಹೆಸರಿನಲ್ಲೂ ಇತ್ತು ನಿಜ, ಆದರೆ ನಡುಮನೆ ಯಾವಾಗಲೋ ತಮ್ಮನದಾಗಿಬಿಟ್ಟಿತ್ತು. ಮೀನು ಹೋದರೆ ತೊಟ್ಟಿ ಹೋಗುತ್ತದೆ, ತೊಟ್ಟಿ ಹೋದರೆ ತನ್ನದು ಅಂತ ಉಳಿಯುವುದು ಒಂದು ಮಂಚ ಮಾತ್ರ. ಇದು ನರ್ಸಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಒಳಗೆ ಬಂದರೆ ತೊಟ್ಟಿ ಕಟ್ಟುವವನು ಆಗಲೇ ಹಾಜರು. ಗಾಜಿನ ಕೆಲಸ ಬಲ್ಲವನು, ಮೀನಿನ ಬಗ್ಗೆ ಏನೂ ತಿಳಿಯದವನು. ತೊಟ್ಟಿ ಬಿಚ್ಚಿ ಒಯ್ಯಲಿ ಎಂದು ತಮ್ಮ ಫೋನ್ ಮಾಡಿ ಕರೆಸಿದ್ದ. ಹೆಣ ಎತ್ತುವುದಕ್ಕೆ ಮುಂಚೆಯೇ ಮನೆ ಖಾಲಿ ಮಾಡಿಸುವ ಅವಸರ. ಡಾಕ್ಟರು ಕಲ್ಲುಗಳ ಸಂದಿಯಲ್ಲಿ ಬಣ್ಣಗೆಟ್ಟು ಅಡ್ಡ ಬಿದ್ದಿದ್ದರು.

ನರ್ಸಕ್ಕ ಗಾಜಿನ ಹತ್ತಿರ ಹೋದಳು. ಮಂಡಿಯೂರಿ ಕೂತು ನೋಡಿದಳು. ಕಿವಿರು ಮೆಲ್ಲಗೆ ತೆರೆದು ಮುಚ್ಚಿತು. ಮತ್ತೊಮ್ಮೆ ತೆರೆಯಿತು. ಪಕ್ಕದಲ್ಲಿ ನೆಲದ ಮೇಲೆ ಕಬ್ಬಿಣದ ಅಳತೆ ಟೇಪು ಬಿದ್ದಿತ್ತು.

"ಇದನ್ನ ಯಾರು ತಂದಿದ್ದು?"

ತಮ್ಮನ ಹೆಂಡತಿ ಸೆರಗು ತಿರುಚಿದಳು. "ಸೋಫಾ ಹಿಡಿಯುತ್ತಾ ನೋಡೋಣ ಅಂತ ಇವರು ಅಳತೆ ತಗೊಂಡ್ರು ಅತ್ತಿಗೆ. ಟೇಪು ಗಾಜಿಗೆ ಟಣ್ ಅಂತ ಬಡೀತು. ಆಮೇಲೆ ನೋಡಿದ್ರೆ ಹೀಗೆ."

ಹೆದರಿದಾಗ ಈ ಮೀನು ಸತ್ತ ಹಾಗೆ ಅಡ್ಡ ಬೀಳುತ್ತದೆ. ನಾಲ್ಕು ದಿನ ಮೇವು ಹಾಕಿದವರಿಗೆ ಗೊತ್ತಿರುವ ಸಂಗತಿ, ಅಳತೆ ತೆಗೆದವರಿಗೆ ಗೊತ್ತಿರಲಿಲ್ಲ. ನರ್ಸಕ್ಕ ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಯವನು ಬಲೆ ಇಳಿಸಿಬಿಟ್ಟ. ಡಾಕ್ಟರು ಒಮ್ಮೆಲೇ ಎದ್ದರು, ಒದ್ದಾಡಿದರು, ಬಾಲದ ಚೂರಿ ಬಲೆಗೆ ಸಿಕ್ಕಿಕೊಂಡಿತು.

"ಎತ್ತಬೇಡ."

ನರ್ಸಕ್ಕ ದನಿ ಏರಿಸಲಿಲ್ಲ, ಆದರೂ ತೊಟ್ಟಿಯವನ ಕೈ ಅಲ್ಲೇ ನಿಂತಿತು. ಅದು ಥಿಯೇಟರಿನ ದನಿ. ಹಿಂದೊಮ್ಮೆ ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆ ಚೂರುಗಳ ಲೆಕ್ಕದಲ್ಲಿ ಒಂದು ಕಡಿಮೆ ಬಂದಾಗ, ಹೊಟ್ಟೆ ಹೊಲಿಯಲು ಹೊರಟ ದೊಡ್ಡ ಡಾಕ್ಟರಿಗೆ ಸೂಜಿ ಕೊಡದೆ ನಿಂತವಳು ಅವಳು. ಚೂರು ಹೊಟ್ಟೆಯೊಳಗೇ ಸಿಕ್ಕಿತು. ಆ ಡಾಕ್ಟರು ಎರಡು ವರ್ಷ ಅವಳ ಜೊತೆ ಮಾತು ಬಿಟ್ಟರು, ರೋಗಿ ಮಾತ್ರ ಎದ್ದು ನಡೆದುಕೊಂಡು ಮನೆಗೆ ಹೋದ.

ನರ್ಸಕ್ಕ ಕತ್ತರಿ ತಂದು, ತೋಳಿನವರೆಗೂ ಕೈ ಮುಳುಗಿಸಿ, ಮುಳ್ಳಿನ ಸುತ್ತಲಿನ ದಾರವನ್ನು ಒಂದೊಂದಾಗಿ ಕತ್ತರಿಸಿದಳು. ಬಿಡುಗಡೆಯಾದ ಡಾಕ್ಟರು ಹೋಗುವಾಗ ಅವಳ ಅಂಗೈಯನ್ನೂ ಸೀಳಿಕೊಂಡೇ ಹೋದರು. ನೀರಿನಲ್ಲಿ ರಕ್ತದ ಒಂದು ಎಳೆ ಹರಡಿತು.

"ನೋಡಿದ್ಯಾ," ಅಂದ ತಮ್ಮ. "ಉಂಡ ಮನೆಗೇ ಎರಡು ಬಗೆಯೋ ಪ್ರಾಣಿ ಇದು."

"ಬಲೆ ಹಾಕಿಸಿದ್ದು ಯಾರು?" ನರ್ಸಕ್ಕ ಕೈಗೆ ಬಟ್ಟೆ ಸುತ್ತುತ್ತಾ ಕೇಳಿದಳು. "ಮೈಮೇಲೆ ಬಂದ್ರೆ ಯಾರಾದ್ರೂ ಚೂರಿ ಬಿಚ್ಚಲೇಬೇಕು ಕಣೋ."

"ಆಯ್ತು ಅಕ್ಕ, ಬದುಕಿತಲ್ಲ. ಯಾರಿಗಾದ್ರೂ ಕೊಟ್ಟುಬಿಡೋಣ. ಈ ವಯಸ್ಸಲ್ಲಿ ನಿನಗೆ ಉಪ್ಪು ಕಲಸೋ ಕರ್ಮ ಯಾಕೆ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಮೂವತ್ತೆರಡು ವರ್ಷ ಇನ್ನೊಬ್ಬರು ಕೈ ಚಾಚಿದಾಗ ಕೊಟ್ಟಳು, ಮನೆಯಲ್ಲಿ ಯಾರೂ ಚಾಚದೆಯೂ ಕೊಟ್ಟಳು. ಸಾಕೆನಿಸಿತು. ತಮ್ಮನನ್ನು ಬಿಟ್ಟು ತೊಟ್ಟಿಯವನ ಕಡೆ ತಿರುಗಿದಳು.

"ಎಂಟಡಿಯದು ಕಟ್ಟೋಕೆ ಎಷ್ಟು ದಿನ ಬೇಕಪ್ಪ?"

ಅವನು ಒಮ್ಮೆ ತಮ್ಮನನ್ನು, ಒಮ್ಮೆ ಅವಳನ್ನು ನೋಡಿದ. "ಬಿಚ್ಚೋಕೆ ಅಂತ ಕರೆದಿದ್ರು ಅಮ್ಮ. ಕಟ್ಟೋದಾದ್ರೆ ಹತ್ತು ದಿನ."

"ಕಟ್ಟು. ಮೀನು ಬೆಳೀತಿದೆ, ಆರಡಿ ಸಾಲ್ತಿಲ್ಲ."

"ಎಂಟಡಿ ಎಲ್ಲಿಡ್ತೀಯ ಅಕ್ಕ?" ತಮ್ಮನ ದನಿ ಕೀರಲಾಯಿತು.

"ಇದೇ ಗೋಡೆಗೆ."

"ಮತ್ತೆ ಸೋಫಾ?"

"ನಿನ್ನ ರೂಮಲ್ಲಿ ಹಿಡಿಯುತ್ತಾ ನೋಡ್ಕೊ."

ತೊಟ್ಟಿಯವನು ಚೀಟಿಯಲ್ಲಿ ಎಂಟು ಎಂದು ಬರೆದುಕೊಂಡ. ತಮ್ಮ ನೆಲದ ಮೇಲಿದ್ದ ಟೇಪು ಎತ್ತಿಕೊಂಡ. ಆಮೇಲೆ ಪೆಚ್ಚಾಗಿ, "ಇಷ್ಟು ವರ್ಷ ಇದು ಬೇಕು, ಅದು ಬೇಕು ಅಂತ ನೀನು ಒಂದು ಮಾತೂ ಕೇಳಿದವಳಲ್ಲ" ಅಂದ.

"ಈಗಲೂ ಕೇಳ್ತಿಲ್ಲ," ಅಂದಳು ನರ್ಸಕ್ಕ. "ಹೇಳ್ತಿದ್ದೀನಿ."