ಕಾಲು ಮೇಲೆತ್ತಿ

"ಮಾವ, ಸ್ವಿಚ್ಚಿನಿಂದ ಕೈ ತೆಗೀರಿ."

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಮಾವ ಬೆಚ್ಚಿ ಕೈ ಹಿಂದೆಳೆದುಕೊಂಡರು. ಚೀಲ ಹೆಗಲಿಗೇರಿಸಿ ಬಂದವಳು ಕಂಪ್ಯೂಟರ್ ರಿಪೇರಿ ಮಾಡುವ ಅವರ ಅಕ್ಕನ ಮಗಳು.

"ಕಂಪ್ಯೂಟರ್ ಸತ್ತು ಮಲಗಿದೆಯಮ್ಮ. ಮೂರು ದಿನದಿಂದ ಯಾವಾಗ ಹಾಕಿದ್ರೂ ಇದೇ ಕಪ್ಪು ಪರದೆ, ಇದೇ ಬಿಳಿ ಅಕ್ಷರ."

"ಮೂರು ದಿನದಿಂದ್ಲೂ ಆಫ್ ಮಾಡ್ತಿದ್ದೀರಾ?"

"ಇಲ್ಲ, ಜೋಗುಳ ಹಾಡ್ತಿದ್ದೀನಿ."

ಅವಳು ಹಣೆ ಚಚ್ಚಿಕೊಂಡಳು. ಉಜ್ಜುವ ಯಂತ್ರವನ್ನು ನಡೆಸುವ ಕಂಪ್ಯೂಟರ್ ಏಳುವಷ್ಟರಲ್ಲಿ ಯಂತ್ರ ಕಾದು ಕಾದು ಸಾಕಾಗಿ ನಿಂತುಬಿಡುತ್ತದೆ ಎಂದು ದೂರಿದವರು ಮಾವನೇ. ಅದಕ್ಕೆ ಮದ್ದಾಗಿ, ಕಂಪ್ಯೂಟರ್ ಏಳುವ ಮೊದಲೇ ಅದರ ಒಳಗನ್ನು ಸರಿಪಡಿಸುವ ಪ್ರೋಗ್ರಾಮೊಂದನ್ನು ಅವಳೇ ಹಾಕಿ ಹೋಗಿದ್ದಳು. ಮದ್ದು ಶುರುವಾದಾಗಲೆಲ್ಲ ಮಾವ ಅದರ ಕತ್ತು ಹಿಸುಕಿದ್ದರು. ಇವತ್ತು ಹತ್ತರೊಳಗೆ ಓಡದಿದ್ದರೆ ಹೊಸ ಯಂತ್ರ, ಅದರ ಜೊತೆಗೇ ಅದನ್ನು ನಡೆಸಲು ಹೊಸ ಆಳು ಎಂದು ಯಜಮಾನರು ಹೇಳಿಯಾಗಿತ್ತು. ಹದಿನಾರು ವರ್ಷ ಊರಿನ ಅರ್ಧ ಕಣ್ಣುಗಳಿಗೆ ಗಾಜು ಕೊಟ್ಟ ಮಾವ ಆಮೇಲೆ ಮನೆಯಲ್ಲಿ ಕೂರಬೇಕು.

"ಅದರ ಸ್ವಂತ ಫೈಲುಗಳು ಚೂರುಚೂರಾಗಿ ಡಿಸ್ಕಿನ ತುಂಬಾ ಬಿದ್ದಿವೆ ಮಾವ. ಒಂದು ಕಡೆ ಜೋಡಿಸ್ತಾ ಇದೆ. ನಡುವೆ ಆಫ್ ಮಾಡಿದ್ರೆ ಇರೋದೂ ಹೋಗುತ್ತೆ."

"ಕೆಲಸ ಮಾಡ್ತಾ ಮಾಡ್ತಾನೇ ಜೋಡಿಸ್ಕೊಳ್ಳಲಿ. ಯಾರು ಬೇಡ ಅಂದ್ರು?"

ಮೂಲೆಯಲ್ಲಿ ಗಾಜಿನ ಪುಡಿ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿದರು.

"ನಾನು ಎಂಟಕ್ಕೇ ಯಾಕಪ್ಪ ಬರ್ತೀನಿ? ನೀನು ಕೂತ್ಮೇಲೆ ನಿನ್ನ ಕುರ್ಚಿ ಕೆಳಗೆ ನೆಟ್ಟಗೆ ಗುಡಿಸೋಕಾಗುತ್ತಾ? ಅದೂ ಹಂಗೇ. ಎಲ್ಲಾ ಬಂದು ಕೂರೋ ಮುಂಚೆ ಆಗ್ಬೇಕು."

ರಿಪೇರಿಯವಳು ಅಜ್ಜಿಯನ್ನೇ ನೋಡಿದಳು. ಎರಡು ವರ್ಷ ಪುಸ್ತಕ ಓದಿ, ನೂರು ಅಂಗಡಿ ಅಲೆದು, ಗಿರಾಕಿಗಳಿಗೆ ಬಿಡಿಸಿ ಹೇಳಲಾಗದೆ ಸೋತದ್ದು ಇದನ್ನೇ.

"ಅಜ್ಜಿ, ನನ್ನ ಜೊತೆ ಬಂದ್ಬಿಡಿ."

"ಬರ್ತೀನಿ. ಪೊರಕೆ ಯಾರು ಹಿಡೀತಾರೆ?"

ಪರದೆಯ ಮೇಲೆ ಎಂಬತ್ತೆಂಟು, ತೊಂಬತ್ತು ಎಂದು ಅಂಕಿ ನೂರರ ಕಡೆಗೆ ತೆವಳುತ್ತಿತ್ತು. ಹತ್ತಕ್ಕೆ ಐದು ನಿಮಿಷವಿದ್ದಾಗ ಯಜಮಾನರು ಒಳಗೆ ಬಂದು, ಕುರ್ಚಿ ಎಳೆದು ಕೂತರು. ಪರದೆ ನೋಡಿದರು.

"ಇನ್ನೂ ಎದ್ದಿಲ್ವಾ ಇದು?" ಎಂದು ಕೈ ಸ್ವಿಚ್ಚಿನ ಕಡೆ ಚಾಚಿದರು.

ಅಜ್ಜಿ ಪೊರಕೆಯೊಂದಿಗೆ ನಡುವೆ ಬಂದರು. "ಕಾಲು ಮೇಲೆತ್ತಿ."

ಅಜ್ಜಿಯ ಪೊರಕೆ ಬಂದರೆ ಕಾಲೆತ್ತುವುದು ಹದಿನಾರು ವರ್ಷದ ರೂಢಿ. ಚಾಚಿದ ಕೈಯಲ್ಲಿ ಕುರ್ಚಿಯ ಅಂಚು ಹಿಡಿದು ಯಜಮಾನರು ಎರಡೂ ಕಾಲು ಎತ್ತಿದರು. ಅಜ್ಜಿ ಅವಸರವಿಲ್ಲದೆ, ಆಗಲೇ ಗುಡಿಸಿದ್ದ ಜಾಗವನ್ನೇ ಮತ್ತೆ ಗುಡಿಸತೊಡಗಿದರು.

ಪರದೆ ಬೆಳಗಿತು. ಉಜ್ಜುವ ಯಂತ್ರ ಒಮ್ಮೆ ಕೂಗಿ ಉತ್ತರ ಕೊಟ್ಟಿತು. ಗಾಜಿನ ಮೇಲೆ ನೀರು ಸಣ್ಣಗೆ ಇಳಿಯಿತು. ಮಾವ ಕನ್ನಡಕ ಒರೆಸಿಕೊಂಡು ತಮ್ಮ ಜಾಗದಲ್ಲಿ ಕೂತರು. ಪೊರಕೆ ಆ ಕಡೆ ತಿರುಗಿದಾಗ, ಯಾರೂ ಹೇಳದಿದ್ದರೂ, ಅವರ ಕಾಲುಗಳು ನೆಲದಿಂದ ಮೇಲೆದ್ದವು.