ಹುಣಸೆಹಣ್ಣಿನಲ್ಲಿ ತಿಕ್ಕಿದ ತಗಡು

ಮೆಟಲ್ ಡಿಟೆಕ್ಟರ್ ಹಿಡಿದು ಬೀಚಿನಲ್ಲಿ ಓಡಾಡುವವರನ್ನು ಕಂಡರೆ ನನಗೆ ತಾತ್ಸಾರ. ಅವರಿಗೆ ಸಿಗುವುದು ಸೋಡಾ ಬಾಟಲಿಯ ಮುಚ್ಚಳ, ಹೆಚ್ಚೆಂದರೆ ಯಾರದೋ ಒಂಟಿ ಕಿವಿಯೋಲೆ. ನನ್ನ ಹತ್ತಿರ ಇರುವುದೂ ನೆಲದೊಳಗಿನ ಲೋಹಕ್ಕೆ ಕೂಗುವ ಅದೇ ಯಂತ್ರ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಎಲ್ಲಿ ಅಗೆಯಬೇಕೆಂದು ತಿಳಿಯಲು ಓದಬೇಕು. ಹಳೆಯ ನಕ್ಷೆ, ಹಳೆಯ ಪತ್ರಿಕೆ, ಚರ್ಚಿನ ದಫ್ತರ. ನೂರೈವತ್ತು ವರ್ಷದ ಹಿಂದೆ ಜನ ಎಲ್ಲಿ ಸೇರುತ್ತಿದ್ದರು, ಎಲ್ಲಿ ಊಟಕ್ಕೆ ಕೂರುತ್ತಿದ್ದರು ಎಂದು ಗೊತ್ತಾದರೆ ಸಾಕು, ಅವರ ಜೇಬಿನಿಂದ ಬಿದ್ದದ್ದು ಇನ್ನೂ ಅಲ್ಲೇ ಇರುತ್ತದೆ. ಅಮೆರಿಕದ ನಮ್ಮ ಊರು ಹಿಲ್ಸ್‌ಬರೋದ ಕನ್ನಡದವರಲ್ಲಿ ಇದು ಗೊತ್ತಿರುವವನು ನಾನೊಬ್ಬನೇ ಎಂದು ಬೀಗುತ್ತಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ನನಗೆ ಹಳೆಯ ನಕ್ಷೆ ಓದಲು ಕಲಿಸಿದವರು ಮಿಸ್ ಅರ್ನೆಸ್ಟೀನ್. ಎಂಬತ್ತೊಂದು ವರ್ಷದ ಕಪ್ಪು ಹೆಂಗಸು, ರಿಟೈರಾದ ಟೀಚರ್. ಲೈಬ್ರರಿಯ ಸ್ಥಳೀಯ ಇತಿಹಾಸದ ಕೋಣೆಯನ್ನು ಗುರುವಾರ ಗುರುವಾರ ಅವರೇ ತೆರೆದು ಕೂರುತ್ತಿದ್ದರು, ಸಂಬಳವಿಲ್ಲದೆ. ಆ ಕೋಣೆಯವರಿಗೆ ಡಿಟೆಕ್ಟರಿನವರನ್ನು ಕಂಡರೆ ಆಗುವುದಿಲ್ಲ. ಹಾಗಾಗಿ ಮೊದಲ ದಿನವೇ ಸುಳ್ಳು ಹೇಳಿದೆ: ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಈ ಊರಿನ ಇತಿಹಾಸ ಬರೆಯುತ್ತಿದ್ದೇನೆ ಎಂದು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಬಂದು ಕೈ ಕುಲುಕಿದರು.

"ನಮ್ಮ ಊರಿನ ಕಥೆ ಬೇರೆ ಭಾಷೇಲಿ! ಅಮರ್, ನಿಮಗೆ ಏನ್ ಬೇಕೋ ಕೇಳಿ."

ಕೇಳಿದೆ. ಎರಡು ವರ್ಷ ಕೇಳುತ್ತಲೇ ಇದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅವರು ಸ್ವಂತಕ್ಕೆ ಹುಡುಕುತ್ತಿದ್ದದ್ದು ಒಂದೇ ಒಂದು ಜಾಗ. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳು ಇಲ್ಲೊಂದು ಪುಟ್ಟ ಚರ್ಚ್ ಕಟ್ಟಿಕೊಂಡಿದ್ದವು. ಅದು ಸುಟ್ಟುಹೋಗಿ ಜನ ಚದುರಿದರು. ಉಳಿದದ್ದು ಒಂದು ದಫ್ತರ. ಅದರಲ್ಲಿ ಹೂಳಲ್ಪಟ್ಟ ನಲವತ್ತೊಂದು ಜನರ ಹೆಸರು, ವಯಸ್ಸು ಇತ್ತು. ಎಲ್ಲಿ ಹೂಳಿದರು ಎಂದಿರಲಿಲ್ಲ. ಮಿಸ್ ಅರ್ನೆಸ್ಟೀನ್ ಅವರ ಮುತ್ತಜ್ಜಿ, ಮುತ್ತಜ್ಜಿಯ ಮಕ್ಕಳು ಎಲ್ಲ ಅಲ್ಲೇ. "ನಾನು ಹೋಗೋದ್ರೊಳಗೆ ಯಾರು ಎಲ್ಲಿ ಮಲಗಿದ್ದಾರೆ ಅಂತ ಗೊತ್ತಾಗಬೇಕು. ಅಲ್ಲೊಂದೊಂದು ಕಲ್ಲು ನಿಲ್ಲಿಸ್ಬೇಕು," ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಹೋದ ಆಗಸ್ಟಿನಲ್ಲಿ ಒಂದು ಹಳೆಯ ಪತ್ರಿಕೆಯ ತುಣುಕು ಸಿಕ್ಕಿತು. ಆ ಚರ್ಚಿನವರು ಸುಗ್ಗಿಯ ಊಟ ಮಾಡಿದರಂತೆ, ಹಳ್ಳ ತಿರುಗುವ ಕಡೆ, ಕಲ್ಲುಗೋಡೆಯ ಪಕ್ಕ, ಆಕ್ರೋಟಿನ ಮರಗಳ ಕೆಳಗೆ, 'ನಮ್ಮವರು ಮಲಗಿರುವ ಜಾಗದ ಹತ್ತಿರ'. ಕೊನೆಯ ನಾಲ್ಕು ಮಾತನ್ನು ಮಿಸ್ ಅರ್ನೆಸ್ಟೀನ್ ಮೂರು ಸಲ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಓದಿದ್ದು ಊಟ ಎಂಬುದನ್ನು ಮಾತ್ರ. ಊಟವೆಂದರೆ ನೂರು ಜನ, ನೂರು ಜನವೆಂದರೆ ಅಂಗಿಯ ಗುಂಡಿ, ಚಮಚ, ನಾಣ್ಯ.

ಮನೆಗೆ ಬಂದು ಹಳೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಇಂದಿನ ಉಪಗ್ರಹದ ಚಿತ್ರದ ಮೇಲೆ ಹೊಂದಿಸಿದೆ. ಹಳ್ಳದ ತಿರುವು, ಗೋಡೆಯ ಗೆರೆ ಎರಡೂ ಕೂಡಿಕೊಂಡ ಜಾಗ ನಮ್ಮ ಕನ್ನಡ ಕೂಟದ ಡಾಕ್ಟರ್ ಈಶಣ್ಣನ ಹೊಸ ಮನೆಯ ಹಿತ್ತಿಲು! ಅಂದೇ ಮಿಸ್ ಅರ್ನೆಸ್ಟೀನ್‌ಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹೇಳಿದರೆ ಯೂನಿವರ್ಸಿಟಿಯವರು ಬಂದು ಹಗ್ಗ ಕಟ್ಟುತ್ತಾರೆ, ನನ್ನನ್ನು ಒಳಗೆ ಬಿಡುವುದಿಲ್ಲ. ಮೊದಲು ನಾಲ್ಕು ಶನಿವಾರ ನಾನು ಅಗೆದುಕೊಳ್ಳುತ್ತೇನೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸಮಾಧಿಗಳು ಊಟದ ಜಾಗದಿಂದ ಎಷ್ಟೋ ದೂರ ಇರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ಒಂದು ಕಲ್ಲೂ ಇರಲಿಲ್ಲವಲ್ಲ.

"ಅಗೀರಿ ಅಗೀರಿ, ಟೆನಿಸ್ ಕೋರ್ಟಿಗೆ ಅಂತ ಎರಡು ಫೂಟ್ ಮಣ್ಣು ತೆಗಿಸೀನಿ, ನಿಮಗ ಅಷ್ಟು ಕೆಲಸ ಕಡಿಮಿ," ಎಂದು ಈಶಣ್ಣ ನಕ್ಕರು.

ಮೊದಲೆರಡು ಶನಿವಾರ ಸಿಕ್ಕಿದ್ದು ಅಂಗಿಯ ಗುಂಡಿಗಳು, ಒಂದು ಚಮಚ. ಮೂರನೆಯ ಶನಿವಾರ ಯಂತ್ರ ಒಂದೇ ಕಡೆ ಕೂಗತೊಡಗಿತು. ಒಂದು ಮಾರಿನೊಳಗೆ ನಾಲ್ಕು ಪುಟ್ಟ ಹಿತ್ತಾಳೆಯ ಹಿಡಿಗಳು, ನಡುವೆ ಅಂಗೈಯಗಲದ ತಗಡು. ಯಾವುದೋ ಬೀರುವಿನದು ಇರಬೇಕು, ಒಡೆದು ಎಸೆದಿದ್ದಾರೆ ಎಂದುಕೊಂಡೆ. ತಗಡಿನ ಹಸಿರು ಕಿಲುಬಿನಲ್ಲಿ ಏನೋ ಅಕ್ಷರ ಇತ್ತು. ಬೀರು ಮಾಡಿದವನ ಹೆಸರು ಎಂದು ಕುಣಿದೆ.

ಹಳೆಯ ಲೋಹವನ್ನು ತಿಕ್ಕಬಾರದು. ಇದು ಈ ಹವ್ಯಾಸದ ಮೊದಲ ಪಾಠ, ನಾನೇ ಹತ್ತು ಜನಕ್ಕೆ ಹೇಳಿದ್ದೇನೆ. ಆದರೆ ಹಿತ್ತಾಳೆ ಮಾಸಿದ್ದನ್ನು ಕಂಡರೆ ನಮ್ಮ ಕೈ ಸುಮ್ಮನಿರುತ್ತದೆಯೇ? ಹಬ್ಬದ ಹಿಂದಿನ ದಿನ ಅವ್ವ ದೀಪದ ಹಿತ್ತಾಳೆ ಸಮೆಗಳನ್ನು ಹಿತ್ತಿಲಲ್ಲಿ ಹರವಿ ಕೂರುತ್ತಿದ್ದಳು. ತಿಕ್ಕುವ ಕೆಲಸ ನನ್ನದೇ. ಅಡಿಗೆಮನೆಯಲ್ಲಿ ಹುಣಸೆಹಣ್ಣು, ಉಪ್ಪು, ಪಾತ್ರೆ ತಿಕ್ಕುವ ಸ್ಟೀಲಿನ ನಾರು ತೆಗೆದುಕೊಂಡೆ. ಹೆಂಡತಿ ಸೌಜನ್ಯಾ ಇಣುಕಿ ನೋಡಿದಳು.

"ಹಳೇ ಸಾಮಾನ್ರೀ ಅದು, ಹಂಗ ಇರ್ಲಿ ಬಿಡ್ರಿ."

"ನಿನಗೇನ್ ತಿಳೀತದ? ಹೆಸರು ಕಾಣಬೇಕಲ್ಲ," ಎಂದು ಗದರಿದೆ.

ಅರ್ಧ ಗಂಟೆ ತಿಕ್ಕಿದೆ. ತಗಡು ಚಿನ್ನದಂತೆ ಹೊಳೆಯಿತು. ತೆಳುವಾಗಿ ಗೀರಿದ್ದ ಅಕ್ಷರಗಳು ಕಿಲುಬಿನ ಜೊತೆಗೇ ನೀರಿನಲ್ಲಿ ಹೋದವು. ಛೆ ಎಂದುಕೊಂಡು ಫೋಟೋ ತೆಗೆದು ಡಿಟೆಕ್ಟರಿನವರ ಗುಂಪಿಗೆ ಕಳಿಸಿದೆ. ಎಪ್ಪತ್ತು ಜನ ಹೆಬ್ಬೆರಳು ಎತ್ತಿದರು.

ನವೆಂಬರಿನ ಒಂದು ಗುರುವಾರ ಮಿಸ್ ಅರ್ನೆಸ್ಟೀನ್ ನನ್ನ ಮುಂದೆ ಒಂದು ಚಿತ್ರ ಇಟ್ಟರು. ಪುರಾತತ್ವದವರೊಬ್ಬರು ಕಳಿಸಿದ್ದಂತೆ. "ನೋಡಿಕೊಳ್ಳಿ ಅಮರ್, ಇಂಥದ್ದು ಎಲ್ಲಾದರೂ ಸಿಕ್ಕಿದ್ರೆ ನಮ್ಮ ಜಾಗ ಅದೇ. ಜನ ಇದನ್ನ ಬೀರುವಿನ ಹಿಡಿ ಅಂದ್ಕೊಂಡು ಬಿಸಾಕ್ತಾರೆ. ಶವಪೆಟ್ಟಿಗೆಯದು. ನಡುವಿಂದು ಹೆಸರಿನ ತಗಡು." ಚಿತ್ರದ ಅಡಿಯಲ್ಲಿ ಅಳತೆ ಬರೆದಿತ್ತು. ನನ್ನ ಹಿಡಿಗಳು ಅದರ ಅರ್ಧವಿದ್ದವು.

ಮಗುವಿನ ಪೆಟ್ಟಿಗೆ.

ತಲೆನೋವೆಂದು ಹೇಳಿ ಎದ್ದು ಬಂದೆ. ಮೂರು ವಾರ ಆ ಕಡೆ ಹೋಗಲಿಲ್ಲ. ನಾವು ಸುಡುವವರಲ್ಲ, ಹೂಳುವವರು. ಬೈಲಹೊಂಗಲದ ನಮ್ಮ ಹೊಲದಲ್ಲಿ ಅವ್ವನನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ನಾನೇ ಮೊದಲ ಹಿಡಿ ವಿಭೂತಿ ಹಾಕಿ ಬಂದಿದ್ದೇನೆ. ಯಾವನಾದರೂ ಅಲ್ಲಿಗೆ ಯಂತ್ರ ಹಿಡಿದು ಬಂದು, ಅವಳ ಲಿಂಗದ ಬೆಳ್ಳಿ ಕರಡಿಗೆ ತೆಗೆದು ಹೊಳೆಯಿಸಿ ಫೋಟೋ ಹಾಕಿದ್ದರೆ ಅವನ ಕಾಲು ಮುರಿಯುತ್ತಿದ್ದೆ. ನನ್ನ ಕಾಲು ಮುರಿಯುವವರು ಯಾರೂ ಇರಲಿಲ್ಲ. ಎಲ್ಲ ಕೇಳಿದ ಮೇಲೆ ಸೌಜನ್ಯಾ ಒಂದೇ ಮಾತು ಹೇಳಿದಳು: "ನೀವಾಗಿ ಹೋಗಿ ಹೇಳ್ರಿ. ಆ ಮುದುಕಿಗೆ ದಿನಾ ಎಷ್ಟು ಉಳದಾವು ಅಂತ ಮಾಡೀರಿ?"

ಹೋದೆ. ಶೂ ಡಬ್ಬಿಯಲ್ಲಿ ಹತ್ತಿ ಹಾಸಿ ಎಲ್ಲವನ್ನೂ ಇಟ್ಟಿದ್ದೆ. ಸ್ಮರಣ ಸಂಚಿಕೆ ಸುಳ್ಳು, ಡಿಟೆಕ್ಟರ್ ನಿಜ, ಜಾಗ ಆಗಸ್ಟಿನಲ್ಲೇ ಗೊತ್ತಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಸಿಕ್ಕಿತಾ? ನಿಜವಾಗಿ ಸಿಕ್ಕಿತಾ?"

ಅವರ ಮುಖ ಹಾಗೆ ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿ ತೆರೆದು ಹಿಡಿಗಳನ್ನು ಒಂದೊಂದಾಗಿ ಮುಟ್ಟಿದರು. ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದರು, ಓರೆ ಮಾಡಿದರು, ಮತ್ತೆ ನೇರ ಮಾಡಿದರು.

"ಇದನ್ನ ಯಾರು ಉಜ್ಜಿದ್ದು?"

"ನನ್ನ ಹೆಂಡತಿ," ಎಂದೆ. ಅದು ಹೇಗೆ ಬಾಯಿಗೆ ಬಂತೋ ನನಗೆ ಗೊತ್ತಿಲ್ಲ.

ಅವರು ತಗಡನ್ನು ಮತ್ತೆ ಹತ್ತಿಯ ಮೇಲಿಟ್ಟರು. "ಪಾಪ, ಆಕೆಗೇನು ಗೊತ್ತು. ನನಗೆ ಬೇಜಾರಿಲ್ಲ ಅಂತ ಹೇಳಿ ಆಕೆಗೆ."

"ಅವಳಲ್ಲ. ನಾನು. ಅವಳು ಬೇಡ ಅಂದಳು," ಎಂದೆ.

"ಉಜ್ಜೋ ಮೊದಲು ಫೋಟೋ?"

"ತೆಗೀಲಿಲ್ಲ."

"ನೀವು ನೋಡಿದ್ರಲ್ಲ ಅಮರ್. ಏನು ನೆನಪಿದೆಯೋ ಅದನ್ನೇ ಹೇಳಿ."

ಕಣ್ಣು ಮುಚ್ಚಿದೆ. ಮೊದಲ ಸಾಲಿನಲ್ಲಿ ಹಸಿರು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಅಂಕಿ ಇತ್ತು. ಬೀರುವಿನ ಮಾಡೆಲ್ ನಂಬರ್ ಎಂದುಕೊಂಡಿದ್ದೆ.

"ನಾಲ್ಕು," ಎಂದೆ.

ಅವರು ಎದ್ದು ದಫ್ತರದ ಪ್ರತಿ ತಂದರು. ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗೆ ನಲವತ್ತೊಂದೂ ಸಾಲು ನೋಡಿದರು.

"ನಾಲ್ಕು ವರ್ಷದವರು ಮೂರು ಜನ ಇದ್ದಾರೆ," ಎಂದರು.

"ಫೀಬಿ," ಎಂದು ಓದಿ ನನ್ನ ಮುಖ ನೋಡಿದರು. ಕಾದರು.

"ಸೈರಸ್." ಕಾದರು.

"ಪುಟ್ಟ ಹ್ಯಾನಾ."

ನಾನು ಯಾವುದಕ್ಕೂ ತಲೆಯಾಡಿಸಲಾರದೆ ಕೂತಿದ್ದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ಆ ಮೂರು ಹೆಸರನ್ನೂ ಮತ್ತೆ ಮೊದಲಿನಿಂದ ಓದತೊಡಗಿದರು.